ಮೇನ್‌ಫ್ರೇಮ್ ನಿಲ್ಲಿಸುವ ಮೊದಲು ಪಿ.ಎಫ್. ದಾಖಲೆಗಳನ್ನು ಹೊರತೆಗೆಯುವುದು ಹೇಗೆ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಕಾರ್ಖಾನೆಯೊಂದರ ನೌಕರರ ಭವಿಷ್ಯ ನಿಧಿ ಟ್ರಸ್ಟಿನಲ್ಲಿ ಲೆಕ್ಕಾಧಿಕಾರಿ. ಹಾಲಿ ಮತ್ತು ನಿವೃತ್ತ ಸದಸ್ಯರು ಸೇರಿ ಸುಮಾರು ನಾಲ್ಕು ಸಾವಿರ ಜನರ ಮೂವತ್ತು ವರ್ಷಗಳ ಲೆಕ್ಕ ಬೆಂಗಳೂರಿನ ನಮ್ಮ ಮುಖ್ಯ ಕಚೇರಿಯ ಐಬಿಎಂ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿದೆ. ಸದಸ್ಯರ ಮಾಸ್ಟರ್ ಫೈಲು ವಿಸ್ಯಾಮ್ ಎಂಬ ಫೈಲು ವ್ಯವಸ್ಥೆಯಲ್ಲಿ, ಮಾಸಿಕ ವಂತಿಗೆಯ ವಿವರ ಡಿಬಿ2 ಡೇಟಾಬೇಸಿನಲ್ಲಿ ಇವೆ. ಯಂತ್ರದ ಗುತ್ತಿಗೆ ಬರುವ ಮಾರ್ಚ್ 31ಕ್ಕೆ ಮುಗಿಯುತ್ತದೆ. ಎಲ್ಲ ದತ್ತಾಂಶ ನಮ್ಮ ಕೈಸೇರಿದೆ ಎಂಬ ಪತ್ರಕ್ಕೆ ಸಹಿ ಹಾಕಿಕೊಡಿ ಎಂದು ಈಗಲೇ ಕೇಳುತ್ತಿದ್ದಾರೆ. ಹೊಸ ಸಾಫ್ಟ್‌ವೇರ್ ಒದಗಿಸುವವರು ಎಲ್ಲವನ್ನೂ ಎಕ್ಸೆಲ್‌ನಲ್ಲಿ ಕೊಡುತ್ತೇವೆ ಎನ್ನುತ್ತಾರೆ. ನಮ್ಮ ಮೇಲಧಿಕಾರಿಗಳ ಪ್ರಕಾರ ವಾರ್ಷಿಕ ವರದಿಗಳ ಪಿಡಿಎಫ್ ಸಾಕು, ಹೇಗಿದ್ದರೂ ಬ್ಯಾಕಪ್ ಟೇಪುಗಳು ಬೀರುವಿನಲ್ಲಿವೆ. ಮಾದರಿಗೆಂದು ಕಳುಹಿಸಿದ ಫೈಲನ್ನು ತೆರೆದಾಗ ಹೆಸರುಗಳು ಸರಿಯಾಗಿದ್ದವು. ಮೊತ್ತ ಇರಬೇಕಾದ ಕಡೆ ಮಾತ್ರ ಚೌಕಗಳೂ ವಿಚಿತ್ರ ಚಿಹ್ನೆಗಳೂ ಕಂಡವು, ಕೆಲವು ಸಾಲುಗಳು ನಡುವೆಯೇ ತುಂಡಾಗಿದ್ದವು. ಡೇಟಾಬೇಸ್ ಕೆಟ್ಟಿದೆಯೇ? ನಾಮಿನಿಗಳ ಕನ್ನಡ ಪಟ್ಟಿ ಬೇರೊಂದು ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿದೆ, ಅದನ್ನೇನು ಮಾಡಬೇಕು? ನಾನು ಯಾವಾಗ ಸಹಿ ಹಾಕಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿನ ಆತಂಕ ಒಂದೇ. ಯಂತ್ರ ನಿಂತ ಐದಾರು ವರ್ಷಗಳ ಮೇಲೆ ಬಂಗಾರಪೇಟೆಯಿಂದಲೋ ಮಾಲೂರಿನಿಂದಲೋ ನಿವೃತ್ತ ನೌಕರರೊಬ್ಬರ ಪತ್ನಿ ಬಂದು ಪಿಂಚಣಿಗಾಗಿ ಗಂಡನ ಸೇವಾವಧಿಯ ವಿವರ ಕೇಳಿದರೆ, ಕೈಯಲ್ಲಿ ಫೈಲುಗಳಿದ್ದೂ ಉತ್ತರ ಕೊಡಲಾಗದ ಸ್ಥಿತಿ ಬಂದೀತೇ ಎಂಬುದು ನಿಮ್ಮ ಚಿಂತೆ. ಅಂಥ ಸ್ಥಿತಿ ಬಂದಿರುವ ಕಚೇರಿಗಳನ್ನು ನಾನು ಬಲ್ಲೆ, ಆದ್ದರಿಂದ ಅದನ್ನು ಅತಿಯಾದ ಚಿಂತೆ ಎನ್ನಲಾರೆ. ಆದರೆ ನಿಮ್ಮ ಡೇಟಾಬೇಸ್ ಕೆಟ್ಟಿಲ್ಲ. ಕೆಟ್ಟಿರುವುದು ನಿಮಗೆ ಕಳುಹಿಸಿದ ಪ್ರತಿ ಮಾತ್ರ. ಹಾಗೇಕಾಯಿತು ಎಂಬುದು ತಿಳಿದರೆ ಉಳಿದ ನಿರ್ಧಾರಗಳಲ್ಲಿ ಬಹುಪಾಲು ಸುಲಭವಾಗುತ್ತವೆ, ಹಾಗಾಗಿ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಿಮ್ಮ ಮೇಜಿನ ಮೇಲಿನ ಕಂಪ್ಯೂಟರ್ ಅಕ್ಷರಗಳನ್ನು ಆಸ್ಕಿ ಅಥವಾ ಅದನ್ನು ಒಳಗೊಂಡ ಯೂನಿಕೋಡ್ ಸಂಕೇತದಲ್ಲಿ ಇಟ್ಟುಕೊಳ್ಳುತ್ತದೆ. ಐಬಿಎಂ ಮೇನ್‌ಫ್ರೇಮುಗಳು 1964ರ ಸಿಸ್ಟಂ/360ರ ಕಾಲದಿಂದಲೂ ಎಬ್ಸಿಡಿಕ್ ಎಂಬ ಬೇರೆಯ ಸಂಕೇತವನ್ನು ಬಳಸುತ್ತಿವೆ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ (9ರ ನಂತರ ಎ ಇಂದ ಎಫ್‌ವರೆಗಿನ ಅಕ್ಷರಗಳನ್ನೂ ಅಂಕೆಗಳಾಗಿ ಬಳಸುವ ಹದಿನಾರರ ಲೆಕ್ಕ) ಆಸ್ಕಿಗೆ 41 ಆದರೆ ಎಬ್ಸಿಡಿಕ್‌ಗೆ ಸಿ1. ಫೈಲನ್ನು ಎಫ್‌ಟಿಪಿ ಎಂಬ ವರ್ಗಾವಣೆ ವ್ಯವಸ್ಥೆಯ ಟೆಕ್ಸ್ಟ್ ವಿಧಾನದಲ್ಲಿ ಕಳುಹಿಸಿದರೆ, ಅದರಲ್ಲಿರುವ ಪ್ರತಿಯೊಂದು ಬೈಟೂ (ಒಂದು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ) ಅಕ್ಷರವೇ ಎಂದು ಭಾವಿಸಿ ಒಂದು ಸಂಕೇತದಿಂದ ಇನ್ನೊಂದಕ್ಕೆ ಬದಲಾಯಿಸಲಾಗುತ್ತದೆ. ಹೆಸರು, ವಿಳಾಸಗಳಿಗೆ ಇದು ಸರಿಯೇ. ಆದರೆ ಮೇನ್‌ಫ್ರೇಮಿನಲ್ಲಿ ಬಳಸುವ ಕೋಬಾಲ್ ಎಂಬ ಭಾಷೆಯ ಪ್ರೋಗ್ರಾಮುಗಳು ಹಣದ ಮೊತ್ತವನ್ನು ಸಾಮಾನ್ಯವಾಗಿ ಅಕ್ಷರಗಳಾಗಿ ಬರೆದಿಡುವುದಿಲ್ಲ. ಜಾಗ ಉಳಿಸಲು ‘ಪ್ಯಾಕ್ಡ್ ಡೆಸಿಮಲ್’ ಅಥವಾ ಕಾಂಪ್-3 ಎಂಬ ಕ್ರಮದಲ್ಲಿ ಒಂದು ಬೈಟಿಗೆ ಎರಡು ಅಂಕೆಗಳನ್ನು ಅಡಕಿಸಿ, ಕೊನೆಯ ಅರ್ಧ ಬೈಟಿನಲ್ಲಿ ಧನಕ್ಕೆ ‘ಸಿ’, ಋಣಕ್ಕೆ ‘ಡಿ’ ಎಂದು ಗುರುತು ಹಾಕಿಡುತ್ತವೆ.

ಒಂದು ತಿಂಗಳ ವಂತಿಗೆ ₹1,250.00 ಎಂದಿಟ್ಟುಕೊಳ್ಳಿ. ರೂಪಾಯಿಗೆ ಏಳು, ಪೈಸೆಗೆ ಎರಡು ಅಂಕೆಗಳ ಜಾಗವಿರುವ ಅಂಕಣದಲ್ಲಿ ಅದು 00 01 25 00 0ಸಿ ಎಂಬ ಐದು ಬೈಟುಗಳಾಗಿ ಕೂತಿರುತ್ತದೆ. ಈಗ ನಡುವಿನ 25ನ್ನು ಗಮನಿಸಿ. ಎಬ್ಸಿಡಿಕ್‌ನಲ್ಲಿ 25 ಎಂದರೆ ‘ಹೊಸ ಸಾಲು’ ಎಂಬ ನಿಯಂತ್ರಣ ಸಂಕೇತ. ಟೆಕ್ಸ್ಟ್ ವಿಧಾನದ ವರ್ಗಾವಣೆ ಅದನ್ನು ಪ್ರಾಮಾಣಿಕವಾಗಿ ಆಸ್ಕಿಯ ಹೊಸ ಸಾಲಿಗೆ, ಅಂದರೆ 0ಎ ಎಂಬುದಕ್ಕೆ ಬದಲಾಯಿಸುತ್ತದೆ. ಅಲ್ಲಿಗೆ ಸಾಲು ತುಂಡಾಯಿತು, ಮೊತ್ತವೂ ಹೋಯಿತು. ಹಾಗೆಯೇ 7ಸಿ ಎಂದು ಕೊನೆಗೊಳ್ಳುವ ಮೊತ್ತದ ಕೊನೆಯ ಬೈಟು ಎಬ್ಸಿಡಿಕ್‌ನಲ್ಲಿ ಇಮೇಲ್ ವಿಳಾಸದ ‘ಅಟ್’ ಚಿಹ್ನೆಗೆ ಸಮ, ಆಸ್ಕಿಯಲ್ಲಿ ಆ ಚಿಹ್ನೆಯ ಸಂಕೇತ 40. ಏಳು ಹೋಗಿ ನಾಲ್ಕಾಯಿತು, ಧನ-ಋಣದ ಗುರುತೇ ಅಳಿಯಿತು. ಇಂಥ ಹಲವು ಬದಲಾವಣೆಗಳಾದ ಫೈಲನ್ನು ಹಿಂದಕ್ಕೆ ತಿರುಗಿಸಿ ಸರಿಪಡಿಸುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಏಕೆಂದರೆ ಯಾವ ಸಾಲು ನಿಜವಾಗಿ ಅಲ್ಲಿ ಮುಗಿದಿತ್ತು, ಯಾವುದು ₹1,250ರ ದೆಸೆಯಿಂದ ಮುರಿಯಿತು ಎಂಬುದನ್ನು ಫೈಲು ನೋಡಿ ಖಚಿತವಾಗಿ ಹೇಳಲಾಗದು. ಅದೇ ಫೈಲನ್ನು ಬೈನರಿ ವಿಧಾನದಲ್ಲಿ, ಒಂದು ಬೈಟೂ ಬದಲಾಗದಂತೆ ಮತ್ತೆ ತರಿಸಿಕೊಳ್ಳುವುದೊಂದೇ ದಾರಿ. ದಾಖಲೆಗಳ ಉದ್ದ ಒಂದೇ ಸಮನಾಗಿರದಿದ್ದರೆ ಪ್ರತಿ ದಾಖಲೆಯ ಮುಂದಿರುವ ನಾಲ್ಕು ಬೈಟುಗಳ ಉದ್ದಸೂಚಿಯನ್ನೂ ಉಳಿಸಿಕೊಂಡು ಕಳುಹಿಸಲು ಹೇಳಿ. ಇಲ್ಲದಿದ್ದರೆ ಒಂದು ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಗುತ್ತದೆಂದು ತಿಳಿಯುವುದು ಕಷ್ಟ.

ಆದರೆ ಬೈನರಿ ಪ್ರತಿ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ವಿಸ್ಯಾಮ್ ಫೈಲಿನೊಳಗೆ ಅಂಕಣಗಳ ಹೆಸರೇ ಇರುವುದಿಲ್ಲ. ಮೊದಲ ಆರು ಬೈಟು ನೌಕರನ ಟಿಕೆಟ್ ನಂಬರ್, ಮುಂದಿನ ಹದಿನೈದು ಹೆಸರು, ಆಮೇಲಿನ ಐದು ಸ್ವಂತ ವಂತಿಗೆ ಎಂಬ ತಿಳಿವಳಿಕೆ ಇರುವುದು ‘ಕಾಪಿಬುಕ್’ ಎಂಬ ಕೋಬಾಲ್ ವಿವರಣೆಯಲ್ಲಿ. ದಶಮಾಂಶ ಬಿಂದುವನ್ನು ಕೂಡ ಫೈಲಿನಲ್ಲಿ ಬರೆದಿರುವುದಿಲ್ಲ, ಕಾಪಿಬುಕ್ಕಿನಲ್ಲಿ ‘ವಿ’ ಎಂಬ ಒಂದಕ್ಷರದಿಂದ ಸೂಚಿಸಿರುತ್ತಾರೆ. ಅದನ್ನು ನೋಡದೆ ಓದಿದವರಿಗೆ ಮೇಲಿನ ₹1,250 ಸದಸ್ಯನ ಖಾತೆಯಲ್ಲಿ ₹1,25,000 ಆಗಿ ಕಾಣುತ್ತದೆ. ಒಂದೇ ಬೈಟುಗಳನ್ನು ದಾಖಲೆಯ ಬಗೆಗೆ ತಕ್ಕಂತೆ ಬೇರೆ ಬೇರೆ ಅರ್ಥದಲ್ಲಿ ಓದುವ ‘ರೀಡಿಫೈನ್ಸ್’ ಎಂಬ ಏರ್ಪಾಡೂ ಉಂಟು: ಹಾಲಿ ನೌಕರನ ದಾಖಲೆಯಲ್ಲಿ ಸಾಲದ ಬಾಕಿ ಇರುವ ಜಾಗದಲ್ಲೇ ನಿವೃತ್ತನ ದಾಖಲೆಯಲ್ಲಿ ಅಂತಿಮ ಪಾವತಿಯ ದಿನಾಂಕ ಇರಬಹುದು. ಆದ್ದರಿಂದ ಕಾಪಿಬುಕ್ಕುಗಳನ್ನೂ, ಅವುಗಳನ್ನು ಬಳಸುವ ಪ್ರೋಗ್ರಾಮುಗಳ ಮೂಲ ಪಠ್ಯವನ್ನೂ, ಡಿಬಿ2ನ ಕೋಷ್ಟಕಗಳ ವ್ಯಾಖ್ಯೆಗಳನ್ನೂ ದತ್ತಾಂಶದ ಭಾಗವೆಂದೇ ಎಣಿಸಿ ಕೇಳಿ ಪಡೆಯಿರಿ. ಗುತ್ತಿಗೆಯ ಕೊನೆಯಲ್ಲಿ ಇವನ್ನು ಕೇಳುವವರು ಬಹಳ ಕಡಿಮೆ, ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಕಾಪಿಬುಕ್ಕಿನಲ್ಲೂ ಇಲ್ಲದ ಅರ್ಥ ಇನ್ನಷ್ಟಿದೆ, ನನ್ನ ಅನುಭವದಲ್ಲಿ ಹೆಚ್ಚು ಕಾಟ ಕೊಡುವುದು ಇದೇ. ನಾನು ಕಂಡ ಒಂದು ಟ್ರಸ್ಟಿನಲ್ಲಿ ಸೇವೆ ಬಿಟ್ಟ ದಿನಾಂಕದ ಅಂಕಣದಲ್ಲಿ 000000 ಎಂದಿದ್ದರೆ ಸದಸ್ಯ ಇನ್ನೂ ಸೇವೆಯಲ್ಲಿದ್ದಾನೆ, 999999 ಎಂದಿದ್ದರೆ ಬೇರೆ ಘಟಕಕ್ಕೆ ವರ್ಗವಾಗಿ ಹೋಗಿದ್ದಾನೆ ಎಂದರ್ಥ. ಯಾವ ದಸ್ತಾವೇಜಿನಲ್ಲೂ ಇದು ಇರಲಿಲ್ಲ, ಹಿರಿಯ ಗುಮಾಸ್ತರೊಬ್ಬರ ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು. ಎರಡಂಕೆಯ ವರ್ಷಗಳ ಕಥೆಯೂ ಹೀಗೆಯೇ. 2000ನೇ ಇಸವಿಯ ಹೊತ್ತಿಗೆ ಅನೇಕ ಕಡೆ ಫೈಲುಗಳನ್ನು ತಿದ್ದದೆ, ಇಂತಿಷ್ಟಕ್ಕಿಂತ ಕಡಿಮೆ ಇದ್ದರೆ ಇಪ್ಪತ್ತೊಂದನೇ ಶತಮಾನ, ಹೆಚ್ಚಿದ್ದರೆ ಇಪ್ಪತ್ತನೆಯದು ಎಂಬ ಷರತ್ತನ್ನು ಪ್ರೋಗ್ರಾಮಿನಲ್ಲಿ ಸೇರಿಸಿ ಸುಮ್ಮನಾದರು. ಆ ಗಡಿ ಹುಟ್ಟಿದ ದಿನಾಂಕಕ್ಕೆ ಒಂದು, ಸೇರಿದ ದಿನಾಂಕಕ್ಕೆ ಇನ್ನೊಂದು ಆಗಿರುವುದು ಸಾಮಾನ್ಯ. ಹೊರತೆಗೆಯುವವರು ಎಲ್ಲಕ್ಕೂ ಒಂದೇ ಗಡಿ ಹಾಕಿದರೆ 1938ರಲ್ಲಿ ಹುಟ್ಟಿದವರು 2038ರಲ್ಲಿ ಹುಟ್ಟಲಿದ್ದಾರೆ. ನಿಮ್ಮ ವಿಷಯದಲ್ಲಿ ದಿನಾಂಕಗಳಿಗೆ ವಿಶೇಷ ತೂಕವಿದೆ: ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು, ಅದಕ್ಕೆ ಹಿಂದೆ ಕುಟುಂಬ ಪಿಂಚಣಿ ಯೋಜನೆಯಲ್ಲಿದ್ದವರ ಹಳೆಯ ಸೇವೆಯನ್ನು ಬೇರೆಯಾಗಿ ಲೆಕ್ಕ ಹಾಕಬೇಕಾಗುತ್ತದೆ.

ಊರು, ಹೆಸರುಗಳ ಬಗ್ಗೆಯೂ ಒಂದು ಎಚ್ಚರಿಕೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆಗಳು ಕೋಲಾರ ಜಿಲ್ಲೆಯಲ್ಲೇ ಇದ್ದವು. ನಿಮ್ಮ ಹಳೆಯ ದಾಖಲೆಗಳಲ್ಲಿ ಗೌರಿಬಿದನೂರಿನ ನೌಕರನಿಗೆ ಕೋಲಾರದ ಸಂಕೇತ ಇದ್ದರೆ ಅದು ತಪ್ಪಲ್ಲ. ಹೊಸ ಸಾಫ್ಟ್‌ವೇರಿನವರು ಇದನ್ನು ‘ಶುದ್ಧೀಕರಣ’ ಎಂದು ಕರೆದು ಬದಲಾಯಿಸಲು ಹೊರಟರೆ ತಡೆಯಿರಿ. ಹದಿನೈದು ಅಕ್ಷರಗಳ ಅಂಕಣದಲ್ಲಿ, ಇಂಗ್ಲಿಷಿನಲ್ಲಿ ಹದಿನಾರು ಅಕ್ಷರ ಬೇಡುವ ವೆಂಕಟರಮಣಪ್ಪನವರ ಹೆಸರಿನ ಕೊನೆಯ ಅಕ್ಷರ ಬಿದ್ದುಹೋಗಿರುತ್ತದೆ. ಅದು ಆಧಾರ್‌ಗೂ ಪಿ.ಎಫ್. ಸದಸ್ಯರ ಗುರುತಿನ ಸಂಖ್ಯೆಯಾದ ಯುಎಎನ್‌ಗೂ ತಾಳೆಯಾಗುವುದಿಲ್ಲ, ನಿಜ. ಆದರೂ ಹೊರತೆಗೆಯುವ ಹಂತದಲ್ಲಿ ಇದ್ದದ್ದನ್ನು ಇದ್ದಂತೆಯೇ ಇಟ್ಟು, ತಿದ್ದಿದ ರೂಪವನ್ನು ಪಕ್ಕದ ಹೊಸ ಅಂಕಣದಲ್ಲಿ, ಯಾರು ಯಾವ ಆಧಾರದಿಂದ ತಿದ್ದಿದರೆಂಬ ವಿವರದೊಂದಿಗೆ ಬರೆಯುವುದು ಕ್ರಮ.

ಈಗ ನಿಮಗೆ ಬಂದಿರುವ ಮೂರು ಸಲಹೆಗಳಿಗೆ ಬರೋಣ. ಎಕ್ಸೆಲ್ ನೋಡಲು ಒಳ್ಳೆಯ ಸಾಧನ, ಕಾಪಿಡಲು ಅಲ್ಲ. ಒಂದು ಹಾಳೆಯಲ್ಲಿ 10,48,576 ಸಾಲುಗಳಷ್ಟೇ ಹಿಡಿಯುತ್ತವೆ. ನಾಲ್ಕು ಸಾವಿರ ಸದಸ್ಯರ ಮೂವತ್ತು ವರ್ಷಗಳ ಮಾಸಿಕ ವಂತಿಗೆ, ಎಲ್ಲರೂ ಪೂರ್ತಿ ಅವಧಿ ಇದ್ದರೆಂದು ಲೆಕ್ಕ ಹಾಕಿದರೆ, 14,40,000 ಸಾಲು. ಸಂಖ್ಯೆಯೆಂದು ಓದಿದ 000457 ಎಂಬ ಟಿಕೆಟ್ ನಂಬರು 457 ಆಗುತ್ತದೆ, ಹದಿನೈದು ಅಂಕೆಗಳಿಗಿಂತ ಉದ್ದದ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕೆಗಳು ಸೊನ್ನೆಯಾಗುತ್ತವೆ, ಮತ್ತು ಹಲವು ಸಲ ಇದಕ್ಕೆ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಪಿಡಿಎಫ್ ವರದಿಗಳು ಬೇಡವೆನ್ನಲಾರೆ. ಆ ವರ್ಷ ಟ್ರಸ್ಟು ಏನನ್ನು ಒಪ್ಪಿ ಮುದ್ರಿಸಿತ್ತು ಎಂಬುದಕ್ಕೆ ಅವು ಸಾಕ್ಷಿ, ಅವನ್ನು ದೀರ್ಘಕಾಲದ ಸಂಗ್ರಹಕ್ಕೆಂದೇ ಇರುವ ಪಿಡಿಎಫ್/ಎ ರೂಪದಲ್ಲಿ ಖಂಡಿತ ಇಟ್ಟುಕೊಳ್ಳಿ. ಆದರೆ ಅದರಿಂದ ಒಬ್ಬ ಸದಸ್ಯನ ಮೂವತ್ತು ವರ್ಷಗಳ ತಿಂಗಳವಾರು ಲೆಕ್ಕ ಕಟ್ಟಬೇಕಾದರೆ ಮತ್ತೆ ಬೆರಳಚ್ಚಿಗೆ ಕೂರಬೇಕು.

ಬೀರುವಿನ ಟೇಪುಗಳ ಮೇಲಿನ ನಂಬಿಕೆ ಮೂರರಲ್ಲೂ ಹೆಚ್ಚು ಅಪಾಯಕಾರಿ. ಬ್ಯಾಕಪ್ ಇರುವುದು ಅದೇ ಯಂತ್ರವನ್ನು ಮತ್ತೆ ಎಬ್ಬಿಸಲಿಕ್ಕೆ. ಡಿಬಿ2ನ ಇಮೇಜ್ ಕಾಪಿಯನ್ನು ಓದಲು ಡಿಬಿ2ನ ಒಳರಚನೆ ಅರಿತ ಸಾಫ್ಟ್‌ವೇರೇ ಬೇಕು, ಡಿಸ್ಕಿನ ಡಂಪ್ ತೆರೆಯಲು ಅದನ್ನು ಬರೆದ ಯುಟಿಲಿಟಿಯೇ ಬೇಕು, ಟೇಪನ್ನು ಸುತ್ತಲು ಅದೇ ಬಗೆಯ ಡ್ರೈವ್ ಬೇಕು. ಯಂತ್ರ ಹೋದ ದಿನವೇ ಇವು ಮೂರೂ ಹೋಗುತ್ತವೆ. ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರಿನಲ್ಲಿ, ಹಳೆಯ ವ್ಯವಸ್ಥೆಯನ್ನೇ ಓಡಿಸುವ ಸಲಹೆ ಬಂದರೆ, ತಾಂತ್ರಿಕವಾಗಿ ಸಾಧ್ಯವೇ ಎಂದು ಕೇಳುವುದಕ್ಕೆ ಮೊದಲು ಆಪರೇಟಿಂಗ್ ಸಿಸ್ಟಂ ಮತ್ತು ಡೇಟಾಬೇಸಿನ ಲೈಸೆನ್ಸ್ ಯಾರ ಹೆಸರಿನಲ್ಲಿ ಎಷ್ಟು ಕಾಲ ಇರುತ್ತದೆ ಎಂದು ಕೇಳಿ. ಮಾತು ಬಹುತೇಕ ಅಲ್ಲಿಗೇ ನಿಲ್ಲುತ್ತದೆ.

ಹೊರತೆಗೆಯಲು ನಿಮಗಿರುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಮೇನ್‌ಫ್ರೇಮಿನಲ್ಲೇ ಇರುವ ಐಡಿಕ್ಯಾಮ್ಸ್ ಯುಟಿಲಿಟಿಯ ರೆಪ್ರೊ ಆದೇಶದಿಂದ ವಿಸ್ಯಾಮ್ ಫೈಲುಗಳನ್ನು ಸಾದಾ ಫೈಲುಗಳಾಗಿ ಇಳಿಸಿ, ಬೈನರಿಯಾಗಿ ಹೊರತಂದು, ಕಾಪಿಬುಕ್ಕಿನ ಆಧಾರದಲ್ಲಿ ಹೊರಗಿನ ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಪೈಥಾನ್ ಭಾಷೆಯಲ್ಲಿ ಎಬ್ಸಿಡಿಕ್ ಓದುವ ಸಿಪಿ037ರಂಥ ಕೋಡ್ ಪೇಜುಗಳು (ಸಂಕೇತಗಳ ಕೋಷ್ಟಕಗಳು) ಮೊದಲೇ ಇವೆ, ಪ್ಯಾಕ್ಡ್ ಅಂಕೆಗಳನ್ನು ಬಿಡಿಸುವುದು ಕೆಲವೇ ಸಾಲುಗಳ ಕೆಲಸ. ಈ ದಾರಿಯಲ್ಲಿ ಮೇನ್‌ಫ್ರೇಮಿನ ಸಮಯ ಹೆಚ್ಚು ಬೇಡ, ಮುಂದೆ ತಪ್ಪು ಕಂಡರೆ ಮೂಲ ಬೈಟುಗಳಿಂದ ಮತ್ತೆ ಶುರುಮಾಡಬಹುದು. ಅಪಾಯವೆಂದರೆ ಕಾಪಿಬುಕ್ ಹಳೆಯ ಆವೃತ್ತಿಯದಾಗಿದ್ದರೆ ಎಲ್ಲ ಅಂಕಣಗಳೂ ಒಂದಿಷ್ಟು ಬೈಟು ಸರಿದು, ತಪ್ಪಾದರೂ ನಂಬುವಂತಿರುವ ಅಂಕೆಗಳು ಬರಬಹುದು. ಎರಡನೆಯ ದಾರಿ, ಮೇನ್‌ಫ್ರೇಮಿನಲ್ಲೇ ಒಂದು ಕೋಬಾಲ್ ಪ್ರೋಗ್ರಾಮಿನಿಂದ ಅಥವಾ ಸಾರ್ಟ್ ಯುಟಿಲಿಟಿಯಿಂದ ಪ್ರತಿ ಅಂಕೆಯನ್ನೂ ದಶಮಾಂಶ ಬಿಂದು, ಮೈನಸ್ ಚಿಹ್ನೆಗಳೊಂದಿಗೆ ಓದುವ ಅಕ್ಷರಗಳಾಗಿ ಬರೆಸಿ, ಆಮೇಲೆ ಟೆಕ್ಸ್ಟ್ ಆಗಿ ಕಳುಹಿಸುವುದು. ಚಿಹ್ನೆಯನ್ನು ಬೇರೆಯಾಗಿ ಬರೆಸಲು ಮರೆತರೆ ಮೈನಸ್ 125 ಎಂಬುದು ‘12ಎನ್’ ಎಂದು ಬರುತ್ತದೆ, ಏಕೆಂದರೆ ಕೋಬಾಲ್ ಕೊನೆಯ ಅಂಕೆಯ ಮೇಲೆಯೇ ಚಿಹ್ನೆಯನ್ನು ಹೊರಿಸುತ್ತದೆ. ಡಿಬಿ2ಗೆ ಈ ಶ್ರಮ ಕಡಿಮೆ: ಅದರ ಅನ್‌ಲೋಡ್ ಯುಟಿಲಿಟಿ ನೇರವಾಗಿ ಅಂಕಣಗಳ ನಡುವೆ ಗಡಿಚಿಹ್ನೆಯುಳ್ಳ ಪಠ್ಯವನ್ನೇ ಕೊಡಬಲ್ಲದು. ಆದರೆ ಬೆಲೆಯೇ ಇಲ್ಲದ ‘ನಲ್’, ಸೊನ್ನೆ ಮತ್ತು ಖಾಲಿ ಜಾಗ ಇವು ಮೂರೂ ಬೇರೆ ಬೇರೆಯಾಗಿ ಉಳಿದಿವೆಯೇ ಎಂದು ನೋಡಿಕೊಳ್ಳಬೇಕು.

ನಿಮ್ಮಷ್ಟು ಗಾತ್ರದ ದತ್ತಾಂಶಕ್ಕೆ ನಾನು ಎರಡೂ ದಾರಿಗಳನ್ನು ಹಿಡಿಯಲು ಹೇಳುತ್ತೇನೆ. ಇದು ದುಂದುವೆಚ್ಚವಲ್ಲ. ಎರಡು ಬೇರೆ ದಾರಿಗಳಿಂದ ಬಂದ ಒಂದೇ ಅಂಕಣದ ಮೊತ್ತ ಪೈಸೆಗೆ ಪೈಸೆ ಕೂಡಿದರೆ ಸಿಗುವ ಭರವಸೆ ಬೇರೆ ಯಾವುದರಿಂದಲೂ ಸಿಗದು. ಒಂದನ್ನೇ ಆರಿಸಬೇಕಾದ ಪರಿಸ್ಥಿತಿ ಬಂದರೆ ಬೈನರಿಯನ್ನೇ ಆರಿಸಿ.

ಕೊನೆಗೆ ಯಾವ ರೂಪದಲ್ಲಿಡಬೇಕು? ಯೂನಿಕೋಡಿನ ಯುಟಿಎಫ್-8 ಸಂಕೇತದ ಸಿಎಸ್‌ವಿ ಫೈಲನ್ನು (ಅಂಕಣಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯ) ಯಾವ ಕಂಪ್ಯೂಟರ್ ಬೇಕಾದರೂ ಓದೀತು. ವಿಳಾಸಗಳಲ್ಲಿ ಅಲ್ಪವಿರಾಮಗಳು ಧಾರಾಳವಾಗಿರುವುದರಿಂದ ಪಠ್ಯವನ್ನೆಲ್ಲ ಉದ್ಧರಣ ಚಿಹ್ನೆಯೊಳಗಿಡಿಸಿ, ದಿನಾಂಕವನ್ನು ವರ್ಷ-ತಿಂಗಳು-ದಿನ ಎಂಬ ನಾಲ್ಕಂಕೆಯ ವರ್ಷದ ಕ್ರಮದಲ್ಲಿ ಬರೆಸಿ. ಆದರೆ ಯಾವ ಅಂಕಣ ಸಂಖ್ಯೆ, ಯಾವುದು ಪಠ್ಯ, ಯಾವ ಕೋಷ್ಟಕ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಸಿಎಸ್‌ವಿ ಹೇಳದು. ಆ ಕೊರತೆಯನ್ನು ತುಂಬಲು ಅದೇ ದತ್ತಾಂಶವನ್ನು ಎಸ್‌ಕ್ಯೂಲೈಟ್ ಫೈಲಿನಲ್ಲೂ ಇಡಿ. ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿರುತ್ತದೆ, ಲೈಸೆನ್ಸಿನ ತಂಟೆಯಿಲ್ಲ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶ ಸಂಗ್ರಹಕ್ಕೆ ಶಿಫಾರಸು ಮಾಡುವ ರೂಪಗಳಲ್ಲಿ ಅದೂ ಒಂದು. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಅಭಿಲೇಖಾಲಯ ರೂಪಿಸಿದ ಸಿಯಾರ್ಡ್ ಎಂಬ ರೂಪ ಕೋಷ್ಟಕಗಳನ್ನೂ ಅವುಗಳ ಸಂಬಂಧಗಳನ್ನೂ ಎಕ್ಸ್‌ಎಂಎಲ್ ಎಂಬ ಪಠ್ಯರೂಪದಲ್ಲಿ ಒಂದು ಜಿಪ್ ಫೈಲಿನಲ್ಲಿ ಕಟ್ಟಿಡುತ್ತದೆ. ದೊಡ್ಡ ಸಂಸ್ಥೆಗಳಿಗೆ ಅದು ಒಪ್ಪುತ್ತದೆ, ನಿಮಗೆ ಅಷ್ಟು ಬೇಡವೆಂಬುದು ನನ್ನ ಅಭಿಪ್ರಾಯ.

ನುಡಿಯ ಪಟ್ಟಿ ಬೇರೆಯೇ ಜಾತಿಯ ಸಮಸ್ಯೆ. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಪರಿವರ್ತಕಗಳು ಸಿಗುತ್ತವೆ, ಬಳಸಿ, ಆದರೆ ಫಲಿತಾಂಶವನ್ನು ಕಣ್ಣಿಟ್ಟು ಓದಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಆದ್ದರಿಂದ ಸೂರ್ಯನಾರಾಯಣ, ಕೀರ್ತಿ, ಧರ್ಮೇಗೌಡರಂಥ ಹೆಸರುಗಳನ್ನೂ ಒತ್ತಕ್ಷರದ ಮೇಲೆ ಒತ್ತಕ್ಷರ ಬರುವ ಲಕ್ಷ್ಮಿಯಂಥ ಹೆಸರುಗಳನ್ನೂ ಹುಡುಕಿ ತೆಗೆದು ನಾಮಿನಿ ಅರ್ಜಿಯೊಂದಿಗೆ ತಾಳೆ ನೋಡಿ. ಮೂಲ ಫೈಲನ್ನೂ ಆ ಫಾಂಟನ್ನೂ ಜೊತೆಗಿಟ್ಟುಕೊಳ್ಳಿ.

ಸರಿಯಾಗಿ ಬಂದಿದೆಯೆಂದು ತಿಳಿಯುವುದು ಹೇಗೆ ಎಂಬುದರಲ್ಲಿ ನಿಮ್ಮ ಲೆಕ್ಕಾಧಿಕಾರಿಯ ಕಣ್ಣು ಯಾವ ತಂತ್ರಜ್ಞನ ಕಣ್ಣಿಗಿಂತಲೂ ಉಪಯುಕ್ತ. ದಾಖಲೆಗಳ ಎಣಿಕೆ ಕೂಡಿದರೆ ಸಾಲದು. ವರ್ಷವಾರು ಸ್ವಂತ ವಂತಿಗೆ, ಮಾಲೀಕರ ವಂತಿಗೆ, ಬಡ್ಡಿ, ಮುಂಗಡ, ಪಾವತಿ ಇವುಗಳ ಮೊತ್ತಗಳನ್ನು ಆಡಿಟ್ ಆದ ಲೆಕ್ಕಪತ್ರಗಳೊಂದಿಗೆ ತಾಳೆ ಹಾಕಿ. ಟಿಕೆಟ್ ನಂಬರುಗಳನ್ನೆಲ್ಲ ಕೂಡಿದ ಅರ್ಥಹೀನ ಮೊತ್ತವನ್ನೂ ಎರಡೂ ಕಡೆ ನೋಡಿ, ಏಕೆಂದರೆ ಒಂದರ ಬದಲು ಇನ್ನೊಂದಾಗಿ ಸೇರಿದ ಅಥವಾ ಕಳೆದುಹೋದ ದಾಖಲೆಯನ್ನು ಅದು ಹಿಡಿದುಕೊಡುತ್ತದೆ. ಬಿಡಿ ಖಾತೆಗಳನ್ನು ಪರೀಕ್ಷಿಸುವಾಗ ಸಾಮಾನ್ಯವಾದವನ್ನು ಬಿಟ್ಟು ಸೊಟ್ಟದ್ದನ್ನೇ ಆರಿಸಿ: ಋಣ ಶಿಲ್ಕಿನ ಖಾತೆ, ಎರಡು ಸಲ ಸೇವೆಗೆ ಸೇರಿದವರು, 1995ಕ್ಕೆ ಮೊದಲು ಸೇರಿದವರು, ಪಾವತಿಯಾದ ಮೇಲೆ ಹೊಂದಾಣಿಕೆ ಬಿದ್ದವರು. ಒಂದು ಸಣ್ಣ ವಿಷಯ: ಎಬ್ಸಿಡಿಕ್ ಕ್ರಮದಲ್ಲಿ ಅಕ್ಷರಗಳು ಅಂಕೆಗಳಿಗಿಂತ ಮೊದಲು, ಆಸ್ಕಿಯಲ್ಲಿ ಅಂಕೆಗಳು ಮೊದಲು ಬರುತ್ತವೆ. ಹೀಗಾಗಿ ಎರಡು ಪಟ್ಟಿಗಳ ಅನುಕ್ರಮ ಬೇರೆಯಾಗಿ ಕಂಡರೆ ಗಾಬರಿಯಾಗದೆ ಎರಡನ್ನೂ ಒಂದೇ ಕಡೆ ಮತ್ತೆ ವಿಂಗಡಿಸಿ ಹೋಲಿಸಿ.

ತಾಳೆಯಾದ ಪ್ರತಿಯೊಂದು ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಒಂದು ಬೈಟು ಬದಲಾದರೂ ಬೇರೆಯಾಗುವ, ಅದರ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಪಟ್ಟಿ ಮಾಡಿ, ಟ್ರಸ್ಟಿಗಳ ಸಭೆಯ ನಡಾವಳಿಗೆ ಲಗತ್ತಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ವಿಧಿಯಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಮೌಲ್ಯಕ್ಕೆ ಜಾಗವಿದೆ. ಪ್ರತಿಗಳನ್ನು ಎರಡು ಊರುಗಳಲ್ಲಿ ಇಡಿ, ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ ಇಡಿ. ನಾಲ್ಕು ಸಾವಿರ ಮನೆಗಳ ಖಾತೆ ಸಂಖ್ಯೆಗಳು ಪೆನ್‌ಡ್ರೈವಿನಲ್ಲಿ ಓಡಾಡಬಾರದು.

ಇನ್ನು ಸಹಿಯ ವಿಚಾರ. ಮಾರ್ಚ್ 31ರ ಗಡುವಿನಲ್ಲೇ ಒಂದು ತೊಡಕಿದೆ. ಭವಿಷ್ಯ ನಿಧಿಯ ಬಡ್ಡಿಯನ್ನು ತಿಂಗಳವಾರು ಶಿಲ್ಕಿನ ಮೇಲೆ ಲೆಕ್ಕ ಹಾಕಿ ವರ್ಷದ ಕೊನೆಯ ದಿನಕ್ಕೆ ಜಮಾ ಮಾಡುತ್ತಾರಾದರೂ, ಆ ಲೆಕ್ಕದ ಓಟ ನಡೆಯುವುದು ವರ್ಷ ಮುಗಿದ ಮೇಲೆ. ಯಂತ್ರ ಅಂದೇ ನಿಂತರೆ ಕೊನೆಯ ವರ್ಷದ ಬಡ್ಡಿ ಹಳೆಯ ಪ್ರೋಗ್ರಾಮಿನಿಂದ ಜಮಾ ಆಗಿರುವುದಿಲ್ಲ, ಹೊಸ ವ್ಯವಸ್ಥೆಯ ಬಡ್ಡಿಯನ್ನು ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ವಾರ್ಷಿಕ ಬಡ್ಡಿಯ ಓಟ ಮುಗಿದು ಲೆಕ್ಕ ಆಡಿಟ್ ಆಗುವವರೆಗೆ, ಹೊಸ ನಮೂದು ಮಾಡದೆ ಓದಲು ಮಾತ್ರವಾದರೂ ಯಂತ್ರ ಇರಲಿ ಎಂದು ಈಗಲೇ ಲಿಖಿತವಾಗಿ ಕೇಳಿ. ಮೊದಲ ಬೈನರಿ ಪ್ರತಿಯನ್ನು ಆ ತನಕ ಕಾಯದೆ ಈ ತಿಂಗಳ ಬ್ಯಾಚ್ ಓಟ, ಅಂದರೆ ಎಲ್ಲ ಖಾತೆಗಳ ಲೆಕ್ಕವನ್ನು ಒಟ್ಟಿಗೆ ನಡೆಸುವ ಕೆಲಸ, ಮುಗಿದ ರಾತ್ರಿಯೇ ತೆಗೆಸಿ, ಕೊನೆಯ ಪ್ರತಿಯನ್ನು ಬಡ್ಡಿ ಜಮಾ ಆದ ಮೇಲೆ ತೆಗೆಸಿ.

ಅವರು ಕೇಳುತ್ತಿರುವ ‘ಎಲ್ಲ ದತ್ತಾಂಶ ಕೈಸೇರಿದೆ’ ಎಂಬ ಒಂದು ಸಾಲಿನ ಪತ್ರಕ್ಕೆ ಸಹಿ ಹಾಕಬೇಡಿ. ಬದಲಿಗೆ ಇಂತಿಂಥ ಫೈಲುಗಳು, ಇಷ್ಟು ದಾಖಲೆಗಳು, ಇಂತಿಂಥ ಮೊತ್ತಗಳು, ಈ ಹ್ಯಾಶ್‌ಗಳೊಂದಿಗೆ ಸ್ವೀಕರಿಸಲಾಗಿದೆ ಎಂದು ಬರೆದು, ಕಾಪಿಬುಕ್, ಪ್ರೋಗ್ರಾಮಿನ ಮೂಲ ಮತ್ತು ಸಂಕೇತಗಳ ಪಟ್ಟಿಯನ್ನೂ ಅದೇ ಪತ್ರದಲ್ಲಿ ಹೆಸರಿಸಿ. ತಾಳೆಯಾಗದೆ ಉಳಿದ ವ್ಯತ್ಯಾಸಗಳಿದ್ದರೆ ಮುಚ್ಚಿಡದೆ ಅನುಬಂಧವಾಗಿ ಸೇರಿಸಿ. ಅದಕ್ಕೆ ಮುನ್ನ ನಿಮ್ಮ ಸೆಕ್ಷನ್ನಿನವರೊಬ್ಬರು, ಮೇನ್‌ಫ್ರೇಮಿನ ಪರದೆಯನ್ನು ನೋಡದೆ, ಹೊರತೆಗೆದ ಫೈಲುಗಳಿಂದಷ್ಟೇ ಒಂದು ಅಂತಿಮ ಪಾವತಿಯನ್ನೂ ಒಂದು ಪಿಂಚಣಿ ಸೇವಾಪತ್ರವನ್ನೂ ತಯಾರಿಸಲಿ. ಅದು ಹಳೆಯ ಯಂತ್ರ ಕೊಡುವ ಉತ್ತರಕ್ಕೆ ಸರಿಹೊಂದಿದ ಮೇಲೆ ಪತ್ರಕ್ಕೆ ಸಹಿ ಹಾಕಿ.